ಅಭಿನಂದನ ಗ್ರಂಥಕ್ಕೆ ಸೇರದ ಪತ್ರಗಳು

ಅಕ್ರಾ, 10 ಫೆಬ್ರವರಿ 2014

ಪ್ರೀತಿಯ ಕುಕುವಾ,

ಅಕ್ಟೋಬರಿನಲ್ಲಿ ನಾನು ನಿವೃತ್ತಳಾಗುತ್ತೇನೆ ಎಂಬ ಸುದ್ದಿ ಹರಡಿದ್ದೇ ತಡ, ಇಷ್ಟು ವರ್ಷ ನನ್ನನ್ನು ಹೇಗಾದರೂ ಸಾಗಹಾಕಬೇಕೆಂದು ಹಲ್ಲು ಕಡಿಯುತ್ತಿದ್ದ ಗಂಡಸರೆಲ್ಲ ಸೇರಿ ಸನ್ಮಾನ ಸಮಿತಿ ಕಟ್ಟಿಕೊಂಡಿದ್ದಾರೆ. ಅಧ್ಯಕ್ಷ ಯಾರು ಹೇಳು ನೋಡೋಣ? ಉಪ ಡೀನ್ ಲಾಂಪ್ಟಿ. ಹನ್ನೊಂದು ವರ್ಷದ ಹಿಂದೆ ನಾನು ಈ ಬಿಸಿನೆಸ್ ಸ್ಕೂಲಿನ ಡೀನ್ ಆದ ದಿನ ಸ್ಟಾಫ್ ರೂಮಿನಲ್ಲಿ, "ಇನ್ಮೇಲೆ ಮೀಟಿಂಗಲ್ಲಿ ಕೆಂಕೆ ಮುದ್ದೆ-ಮೀನು ಬಿಸಿಬಿಸಿ ಸಿಗುತ್ತೆ ಬಿಡ್ರಪ್ಪಾ" ಎಂದಿದ್ದನಲ್ಲ, ಅವನೇ. ಆ ಮಾತು ನನ್ನ ಕಿವಿಗೆ ಬಿದ್ದಿದೆ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಈಗ ಬಾಗಿಲಲ್ಲಿ ಬಗ್ಗಿ ನಿಂತು, "ಪ್ರೊಫ್, ನಿಮ್ಮ ಮುಖ ಅಚ್ಚು ಹಾಕಿದ ಬಟ್ಟೆ ಮಾಡಿಸೋಣ, ಎಲ್ರೂ ಅದನ್ನೇ ಹೊಲಿಸ್ಕೊಂಡು ಬರ್ತೀವಿ" ಅನ್ನುತ್ತಾನೆ. ಒಪ್ಪಿದೆ. ಅವನ ಹೊಟ್ಟೆಯ ಮೇಲೆ ನನ್ನ ಮುಖ ಇಡೀ ಸಂಜೆ ಉಬ್ಬಿಕೊಂಡಿರುವುದನ್ನು ಕಣ್ಣಾರೆ ನೋಡಬೇಕು.

ಬಟ್ಟೆಯ ಜೊತೆ ಒಂದು ಅಭಿನಂದನ ಗ್ರಂಥವೂ ಬರಲಿದೆ. ಮಹಿಳಾ ನಾಯಕತ್ವದ ಬಗ್ಗೆ ನಾನು ಮಾಡಿದ ಕೆಲಸದ ಮೇಲೆ ಹದಿನಾಲ್ಕು ಲೇಖನ. ಅರ್ಧ ಬರೆದವರು ನನ್ನ ಪುಸ್ತಕಗಳನ್ನು ತೆರೆದೂ ನೋಡಿಲ್ಲ. ಒಬ್ಬ ಮಹಾಶಯ ನನ್ನನ್ನು "ನಮ್ಮೆಲ್ಲರ ತಾಯಿ" ಅಂದಿದ್ದಾನೆ. ಅವನು ನನಗಿಂತ ಮೂರು ವರ್ಷ ದೊಡ್ಡವನು. ಕೊನೆಯಲ್ಲಿ ನನ್ನದೇ ಒಂದು ಆತ್ಮಕಥನದ ಅಧ್ಯಾಯವಿದೆ. ಓದಲು ಯೋಗ್ಯವಾದದ್ದು ಅದೊಂದೇ.

ಇದನ್ನು ನಿನ್ನ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಬೇಕೆಂದು ನನ್ನ ಆಸೆ. ನಾವಿಬ್ಬರೂ ಒಂದೇ ವರ್ಷ ಇಲ್ಲಿ ಪಾಠ ಹೇಳಲು ಸೇರಿದವರು. ನೀನು ಬಿಟ್ಟು ಹೋದೆ, ನಾನು ಇಲ್ಲೇ ಬೇರು ಬಿಟ್ಟೆ. ಪುಸ್ತಕದ ಹಿಂದೆ ನಿನ್ನ ಪ್ರೆಸ್ಸಿನ ಹೆಸರಾದರೂ ಇರಲಿ. ಫೋನಿನಲ್ಲಿ ಕೇಳಿದರೆ ನೀನು "ಹೂಂ" ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಎಂದಿನಂತೆ ಕಾಗದ. ಹಸ್ತಪ್ರತಿಯನ್ನು ಎನಾಮ್ ಅಗ್ಬೆನು ಎಂಬ ಹುಡುಗಿಯ ಕೈಲಿ ಕಳಿಸುತ್ತೇನೆ. ನಮ್ಮಲ್ಲಿ ಲೆಕ್ಚರರ್, ಇನ್ನೂ ಪ್ರೊಬೇಷನ್‌ನಲ್ಲಿದ್ದಾಳೆ. ಈ ಸ್ಕೂಲಿನಲ್ಲಿ ತಲೆಯೊಳಗೆ ಏನಾದರೂ ಇರುವವಳು ಅವಳೊಬ್ಬಳೇ. ಗಂಡ ತಮಾಲೆಯ ಆಸ್ಪತ್ರೆಯಲ್ಲಿ ನರ್ಸ್, ಅಷ್ಟು ದೂರದಲ್ಲಿ ಇರುವುದರಿಂದ ತೊಂದರೆಯಿಲ್ಲ. ನಾನು ಹೋದ ಮೇಲೆ ನನ್ನ ಹೆಸರಿನ ಮಹಿಳಾ ನಾಯಕತ್ವ ಕೇಂದ್ರವನ್ನು ಅವಳೇ ನೋಡಿಕೊಳ್ಳಬೇಕು ಅಂತಿದ್ದೇನೆ.

ನಿನ್ನ,
ಅರಬಾ ಬೆಂಟ್ಸಿಲ್


ಟಕೊರಾಡಿ, 1 ಮಾರ್ಚ್ 2014

ಅರಬಾ,

ನಿನ್ನ ಗ್ರಂಥ ಬಂದು ಸೇರಿತು. ನನ್ನ ಪ್ರೆಸ್ಸಿನಲ್ಲಿ ಸತ್ತವರ ಪೋಸ್ಟರುಗಳೇ ಹೆಚ್ಚು ಅಚ್ಚಾಗುವುದು, ನಿನಗೆ ಗೊತ್ತು. ಪ್ರತಿ ವಾರ ನಲವತ್ತು ಮಂದಿ "ಮಹಾನ್ ನಾಯಕಿ", "ಧೀಮಂತ ತಾಯಿ". ಹಾಗಾಗಿ ನಿನ್ನ ಹದಿನಾಲ್ಕು ಲೇಖನಗಳಿಗೆ ಹೊಸ ಪದ ಹುಡುಕಬೇಕಾಗಿಲ್ಲ, ಹಳೆಯ ಪೋಸ್ಟರುಗಳಿಂದಲೇ ಎತ್ತಿ ಹಾಕಬಹುದು. ಬದುಕಿರುವವಳು ಎಂಬುದೊಂದನ್ನು ಎಲ್ಲಾದರೂ ಸ್ಪಷ್ಟವಾಗಿ ಹೇಳಿಬಿಡು, ಓದುವವರಿಗೆ ಗೊಂದಲ ಬೇಡ.

ಕರೆಂಟು ಹನ್ನೆರಡು ಗಂಟೆ ಇದ್ದರೆ ಮುಂದಿನ ಇಪ್ಪತ್ತನಾಲ್ಕು ಗಂಟೆ ಇರುವುದಿಲ್ಲ. ಆದರೂ ಆಗಸ್ಟ್ ಹೊತ್ತಿಗೆ ಮುಗಿಸಿಕೊಡುತ್ತೇನೆ.

ನಿನ್ನ ಎನಾಮ್ ಬಂದಿದ್ದಳು. ಬಸ್ಸಿಳಿದವಳೇ ನನ್ನ ಅಂಗಡಿ ಮುಂದಿನ ಚರಂಡಿಗೆ ಬಗ್ಗಿ ಕರುಳೇ ಬರುವ ಹಾಗೆ ವಾಂತಿ ಮಾಡಿದಳು. "ಬಸ್ಸು ಆಗಲ್ವೇನಮ್ಮಾ?" ಅಂದೆ. "ಇಲ್ಲ ಆಂಟಿ, ಬೆಳಿಗ್ಗೆ ತಿಂದ ವಾಚೆ ಅನ್ನ ಸರಿಯಿರಲಿಲ್ಲ" ಅಂದಳು. ನಾನು ಕಾಣದ್ದೇ! ನನ್ನ ಹತ್ತಿರ ಕೆಲಸಕ್ಕಿರುವ ಏಳು ಹೆಂಗಸರಲ್ಲಿ ಐವರು ಇದೇ ಚರಂಡಿಗೆ ಬಗ್ಗಿದವರು. ಶುಂಠಿ ಕುದಿಸಿ ಕೊಟ್ಟೆ. ಅಕ್ಷರ ಜೋಡಿಸುವ ನಮ್ಮ ಮಾನ್ಸಾ ಅವಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಮೂರು ತಿಂಗಳು" ಅಂತ ತೀರ್ಪು ಕೊಟ್ಟಳು. ಹುಡುಗಿ ನಕ್ಕು ತಲೆ ತಗ್ಗಿಸಿದಳು. ನಿನ್ನ ನಾಯಕತ್ವ ಕೇಂದ್ರಕ್ಕೆ ಈಗಲೇ ಒಂದು ತೊಟ್ಟಿಲು ಆರ್ಡರ್ ಮಾಡು ಮಾರಾಯ್ತಿ!

ಜಾಣೆ ಹುಡುಗಿ. ಹಸ್ತಪ್ರತಿಯಲ್ಲಿ ನಾನು ಕಾಣದ ಹನ್ನೆರಡು ತಪ್ಪು ತೋರಿಸಿದಳು. ರಾತ್ರಿ ನಮ್ಮನೆಯಲ್ಲೇ ಇದ್ದು ಹೋದಳು.

ನಿನ್ನ ಅಧ್ಯಾಯ ಓದಿದೆ. ಹೆತ್ತ ಒಂಬತ್ತನೇ ದಿನ ಕ್ಲಾಸಿಗೆ ಬಂದು ನಿಂತ ಪ್ರಸಂಗವನ್ನು ಚೆನ್ನಾಗಿ ಬರೆದಿದ್ದೀಯ.

ಕುಕುವಾ ಎಸ್ಸಿಲ್ಫಿ


ಅಕ್ರಾ, 19 ಮಾರ್ಚ್ 2014

ಪ್ರೀತಿಯ ಕುಕುವಾ,

ಮಹಿಳಾ ದಿನ ಮುಗಿದು ಹತ್ತು ದಿನವಾದರೂ ಗಂಟಲು ಸರಿಹೋಗಿಲ್ಲ. ಮೂರು ಬ್ಯಾಂಕು, ಒಂದು ಸಿಮೆಂಟ್ ಕಂಪನಿ, ಎರಡು ಸಚಿವಾಲಯದಲ್ಲಿ ಭಾಷಣ. ಎಲ್ಲ ಕಡೆ ಅದೇ ನೇರಳೆ ಬಲೂನು, ಅದೇ ಕೇಕು. ಸಿಮೆಂಟಿನವರು ಹೆಂಗಸರಿಗೆಲ್ಲ ಒಂದೊಂದು ಅಡಿಗೆ ಪಾತ್ರೆ ಉಡುಗೊರೆ ಕೊಟ್ಟರು. ನಾನೂ ತೆಗೆದುಕೊಂಡೆ, ನಗುತ್ತಾ ಫೋಟೋಗೆ ನಿಂತೆ. ಒಂಬತ್ತನೇ ದಿನದ ಕಥೆಗೆ ಈ ಸಲವೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಹುಡುಗಿಯರ ಮುಖ ನೋಡಬೇಕಿತ್ತು. ಕಣ್ಣಲ್ಲಿ ನೀರು. ಮರುದಿನ ಬೆಳಿಗ್ಗೆ ಇವರೇ ತಲೆನೋವು ಅಂತ ರಜೆ ಹಾಕುತ್ತಾರೆ.

ನೀನು ಎನಾಮ್ ವಿಷಯ ಬರೆದದ್ದು ಒಳ್ಳೆಯದಾಯಿತು ಕಣೇ. ನನಗೆ ಸುಳಿವೇ ಇರಲಿಲ್ಲ. ಕರೆಸಿ ಕೂರಿಸಿ ಕೇಳಿದೆ, ಒಪ್ಪಿಕೊಂಡಳು. "ನೌಕರಿ ಕಾಯಂ ಆದ್ಮೇಲೆ ಹೇಳೋಣ ಅಂತಿದ್ದೆ ಪ್ರೊಫ್" ಅಂದಳು. ನೋಡು, ಎಂಥ ಲೆಕ್ಕಾಚಾರ! ನಾನು ಇವಳಿಗೋಸ್ಕರ ಮಂಡಳಿಯ ಮುದುಕರ ಜೊತೆ ಎರಡು ವರ್ಷ ಜಗಳಾಡಿದೆ. ಸೆಪ್ಟೆಂಬರಿನಲ್ಲಿ ಹೆರಿಗೆ, ಅಕ್ಟೋಬರಿನಲ್ಲಿ ಕೇಂದ್ರದ ಉದ್ಘಾಟನೆ. ಲಾಂಪ್ಟಿ ಹಲ್ಲು ಗಿಂಜುತ್ತಾ, "ಹೇಳಿರಲಿಲ್ವಾ ಪ್ರೊಫ್?" ಅನ್ನುವುದನ್ನು ನಾನು ಕೇಳಿಸಿಕೊಳ್ಳಬೇಕಾ?

ಅವಳ ನೌಕರಿ ಕಾಯಂ ಮಾಡಬಾರದೆಂದು ಶಿಫಾರಸು ಬರೆದು ಕಳಿಸಿದ್ದೇನೆ. ಬಸುರಿ ಅಂತ ಬರೆಯುವುದಕ್ಕೆ ನನಗೇನು ಹುಚ್ಚೇ? "ಸಂಶೋಧನಾ ಪ್ರಕಟಣೆಗಳು ಸಾಲದು" ಎಂದಿದ್ದೇನೆ. ಅವಳವು ಲಾಂಪ್ಟಿಯದಕ್ಕಿಂತ ಜಾಸ್ತಿಯೇ ಇವೆ, ಆದರೆ ಎಣಿಸುವವರು ಯಾರು? ಈ ನೌಕರಿ ಕಾನೂನುಗಳನ್ನೆಲ್ಲ ನಾನೇ ಪಾಠ ಮಾಡಿದವಳು. ಎಲ್ಲಿ ಸಂದಿಯಿದೆ ಅಂತ ನನಗೆ ಗೊತ್ತಿಲ್ಲವೇ? ಜೂನ್ ಕೊನೆಗೆ ಅವಳು ಹೊರಡುತ್ತಾಳೆ. ಗ್ರಂಥದ ಕೆಲಸ ಅಷ್ಟರೊಳಗೆ ಅವಳಿಂದಲೇ ಮುಗಿಸಿಕೊಳ್ಳುತ್ತೇನೆ.

ನಿನ್ನ,
ಅ.


ಟಕೊರಾಡಿ, 22 ಮಾರ್ಚ್ 2014

ಅರಬಾ,

ನಿನ್ನ ಕಾಗದ ಈಗಷ್ಟೇ ಬಸ್ಸಿನವನು ಕೊಟ್ಟ. ನಿಂತಲ್ಲೇ ಉತ್ತರ ಬರೆಯುತ್ತಿದ್ದೇನೆ.

ನಾನು ತಮಾಷೆಗೆ ಬರೆದದ್ದು. ಆ ಹುಡುಗಿ ನನ್ನನ್ನು ನಂಬಿ ನನ್ನ ಅಡಿಗೆಮನೆಯಲ್ಲಿ ಕೂತು ನಕ್ಕಿದ್ದಳು. ಅವಳ ಸುದ್ದಿಯನ್ನು ನಿನಗೆ ಹೇಳುವ ಹಕ್ಕು ನನಗಿರಲಿಲ್ಲ, ಬಾಯಿಚಪಲಕ್ಕೆ ಹೇಳಿಬಿಟ್ಟೆ. ಆ ಶಿಫಾರಸು ವಾಪಸ್ ತಗೋ. ಇವತ್ತೇ.

ನಾನು ನಿನ್ನ ಹತ್ತಿರ ಏನನ್ನಾದರೂ ಕೇಳಿ ಎಷ್ಟು ವರ್ಷವಾಯಿತು, ಲೆಕ್ಕ ಹಾಕಿ ನೋಡು.

ಕುಕುವಾ


ಅಕ್ರಾ, 14 ಏಪ್ರಿಲ್ 2014

ಕುಕುವಾ,

ನೈರೋಬಿಗೆ ಹೋಗಿದ್ದೆ, ಭಾಷಣಕ್ಕೆ. ಅದಕ್ಕೇ ತಡ.

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಕನಿಕರ ಬಂತು. ಪೋಸ್ಟರ್ ಅಂಗಡಿಯಲ್ಲಿ ಕೂತವರಿಗೆ ಒಬ್ಬಳು ಬಸುರಿ ಕಂಡರೆ ಅದೊಂದು ಹಬ್ಬ. ನಾನು ಒಂದು ಸಂಸ್ಥೆ ನಡೆಸುತ್ತಿದ್ದೇನೆ. ಎನಾಮ್ ಒಬ್ಬಳಿಗೆ ನೋವಾಗುತ್ತದೆ ಅಂತ ಕೇಂದ್ರವನ್ನೇ ಲಾಂಪ್ಟಿಯಂಥವರ ಬಾಯಿಗೆ ಹಾಕಲೇ? ಮೇಲೆ ಬರುವ ಹೆಂಗಸು ಒಂದಿಷ್ಟು ಬಿಟ್ಟುಕೊಡಬೇಕಾಗುತ್ತದೆ. ನಾನು ಬಿಟ್ಟುಕೊಟ್ಟೆ. ಮಗಳನ್ನು ಅಮ್ಮನ ಹತ್ತಿರ ಬಿಟ್ಟೆ, ಒಂಬತ್ತನೇ ದಿನ ಹೊಲಿಗೆ ಎಳೆಯುತ್ತಿದ್ದರೂ ನಿಂತು ಪಾಠ ಮಾಡಿದೆ. ಯಾರೂ ನನಗೆ ಶುಂಠಿ ಕುದಿಸಿ ಕೊಡಲಿಲ್ಲ.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. 1992ರಲ್ಲಿ ನಿನ್ನ ಗಂಡನಿಗೆ ಬಂದರಿನಲ್ಲಿ ಕೆಲಸ ಸಿಕ್ಕಿತು, ನೀನು ಬಾಲದ ಹಾಗೆ ಹಿಂದೆ ಹೋದೆ. ನಾನು ಬೇಡ ಅನ್ನಲಿಲ್ಲ, ನಿನ್ನ ಬದುಕು. ಆದರೆ ಬಿಟ್ಟು ಹೋದವರಿಗೆ ಉಳಿದವರನ್ನು ಕಂಡರೆ ಒಳಗೊಳಗೇ ಏನೋ ಚುಚ್ಚುತ್ತದೆ. ಇಷ್ಟು ವರ್ಷ ನಿನ್ನ ಗಿಡ್ಡ ಗಿಡ್ಡ ಕಾಗದಗಳಲ್ಲಿ ಅದು ನನಗೆ ಕಾಣುತ್ತಿತ್ತು. ನನ್ನ ಅಧ್ಯಾಯದಲ್ಲಿ ನಿನ್ನ ಹೆಸರು ಹೇಳದೆ ಆ ವಿಷಯ ಬರೆದಿದ್ದೇನೆ, ಅಚ್ಚು ಜೋಡಿಸುವಾಗ ನೋಡಿರುತ್ತೀಯ. ಈಗ ಎನಾಮ್ ನೆಪದಲ್ಲಿ ಆ ಹೊಟ್ಟೆಕಿಚ್ಚು ಹೊರಬರುತ್ತಿದೆ, ಅಷ್ಟೇ.

ಮೊದಲ ನಾಲ್ಕು ಲೇಖನದ ಪ್ರೂಫ್ ಬೇಗ ಕಳಿಸು.

ಅ.


ಟಕೊರಾಡಿ, 30 ಜೂನ್ 2014

ಅರಬಾ,

ಎರಡೂವರೆ ತಿಂಗಳು ನಾನು ಬರೆಯಲಿಲ್ಲ. ನೀನು ಪ್ರೂಫಿಗಾಗಿ ಮೂರು ಸಲ ಮಾನ್ಸಾಗೆ ಫೋನು ಮಾಡಿದೆಯಂತೆ. ನನ್ನ ಬಗ್ಗೆ ಒಂದು ಸಲವೂ ಕೇಳಲಿಲ್ಲವಂತೆ.

ಎನಾಮ್ ಮೊನ್ನೆ ಶುಕ್ರವಾರ ಬಂದಿದ್ದಳು, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು. ಕೊನೆಯ ಪ್ರೂಫ್ ತಿದ್ದಿಕೊಡಲು. ಕೆಲಸದಿಂದ ತೆಗೆದ ಮೇಲೂ ಒಪ್ಪಿಕೊಂಡ ಕೆಲಸ ಮುಗಿಸಲು ಬಂದಿದ್ದಳು, ಅಂಥವಳು. ಮೇಜಿನ ಮುಂದೆ ಕೂತು ನಿನ್ನ ಹೊಗಳಿಕೆಯಲ್ಲಿ ಅಲ್ಪವಿರಾಮ ಸರಿಪಡಿಸುತ್ತಾ ಕೇಳಿದಳು: "ಆಂಟಿ, ನನ್ನ ಪ್ರಕಟಣೆ ನಿಜವಾಗ್ಲೂ ಅಷ್ಟು ಕಳಪೆನಾ? ಪ್ರೊಫ್ ಸುಳ್ಳು ಹೇಳೋರಲ್ಲ. ನನಗೇ ಗೊತ್ತಾಗ್ತಿಲ್ಲ." ಅವಳು ನಿನ್ನನ್ನು ನಂಬಿ ತನ್ನನ್ನೇ ಅನುಮಾನಿಸುತ್ತಿದ್ದಳು. ಆಗ ನನಗೆ ತಡೆಯಲಾಗಲಿಲ್ಲ. ಹೊಟ್ಟೆಯ ಸುದ್ದಿ ನಿನಗೆ ಮುಟ್ಟಿಸಿದವಳು ನಾನೇ ಅಂತ ಮೊದಲು ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. ಆಮೇಲೆ ನಿನ್ನ ಮಾರ್ಚ್ ಹತ್ತೊಂಬತ್ತರ ಕಾಗದ ತಂದು ಅವಳ ಕೈಗೆ ಕೊಟ್ಟೆ. "ಇಟ್ಕೋ, ಮಂಡಳಿಗೆ ದೂರು ಬರಿ, ಇದನ್ನ ಜೊತೆಗೆ ಲಗತ್ತಿಸು" ಅಂದೆ. ಕದ್ದು ಮಾಡಿದ್ದಲ್ಲ, ನಿನಗೂ ತಿಳಿಸುತ್ತಿದ್ದೇನೆ.

ಇನ್ನು ಒಂಬತ್ತನೇ ದಿನ. ಅರಬಾ, 1990ರಲ್ಲಿ ನೀನು ಹೆತ್ತ ಒಂಬತ್ತನೇ ದಿನ ಆ ಕ್ಲಾಸಿನಲ್ಲಿ ನಿಂತಿದ್ದವಳು ನಾನು. ಹತ್ತನೇ ದಿನವೂ. ಆರು ವಾರ, ವಾರಕ್ಕೆ ಮೂರು ಕ್ಲಾಸು, ಹಾಜರಿ ಪುಸ್ತಕದಲ್ಲಿ ನಿನ್ನ ಸಹಿ ನಾನು ಹಾಕಿದೆ. ನೀನು ಹಾಸಿಗೆಯಲ್ಲಿ ಜ್ವರದಿಂದ ನಡುಗುತ್ತಾ, "ಯಾರಿಗೂ ಹೇಳಬೇಡ್ವೇ" ಅಂದೆ. ಹೇಳಲಿಲ್ಲ. ಮೊದಮೊದಲು ಸಣ್ಣ ಸಭೆಗಳಲ್ಲಿ ಆ ಕಥೆ ಹೇಳುತ್ತಿದ್ದಾಗ ಕೆಲಸ ಉಳಿಸಿಕೊಳ್ಳಲು ಹೇಳುತ್ತಿದ್ದಾಳೆ ಅಂದುಕೊಂಡೆ. ಈಗ ನೋಡಿದರೆ ನೀನೇ ಅದನ್ನು ನಂಬಿಬಿಟ್ಟಿದ್ದೀಯ. ಪಡದ ನೋವು ನೆನೆಸಿಕೊಂಡು, ನಿಜವಾಗಿ ನೋವು ಪಡುವ ಹುಡುಗಿಯರನ್ನು ಹೀಯಾಳಿಸುತ್ತೀಯ.

ಗಂಡನ ಹಿಂದೆ ಹೋದೆ ಅಂದೆಯಲ್ಲ. 1992ರಲ್ಲಿ ನಾನು ಬಸುರಿಯಾದಾಗ ನನ್ನ ಬಡ್ತಿಗೆ ಸಮಿತಿ ಕೂತಿತ್ತು. ಅದರಲ್ಲಿ ನೀನೂ ಇದ್ದೆ. ನಡಾವಳಿ ಟೈಪ್ ಮಾಡಿದವಳು ನನ್ನ ಚರ್ಚಿನವಳು. ಒಂದು ಪ್ರತಿ ಮನೆಗೇ ತಂದುಕೊಟ್ಟಳು. "ಹೆರಿಗೆಯ ನಂತರ ಇವರು ಕೆಲಸದಲ್ಲಿ ಮನಸ್ಸಿಡುವ ಸಂಭವ ಕಡಿಮೆ ಎಂದು ಶ್ರೀಮತಿ ಬೆಂಟ್ಸಿಲ್ ಅಭಿಪ್ರಾಯಪಟ್ಟರು." ಆ ಸಾಲು ಬಾಯಿಪಾಠವಾಗಿದೆ. ಬಡ್ತಿ ಸಿಗದೆ ನಾನು ರಾಜೀನಾಮೆ ಕೊಟ್ಟು ಮೂರು ತಿಂಗಳಾದ ಮೇಲೆ ನನ್ನ ಗಂಡ ಬಂದರಿನಲ್ಲಿ ಕೆಲಸ ಹುಡುಕಿಕೊಂಡ. ಹಿಂದೆ ಬಂದವನು ಅವನು.

ಇಷ್ಟು ವರ್ಷ ಏಕೆ ಕೇಳಲಿಲ್ಲ ಅನ್ನಬಹುದು. ನೀನಾಗಿಯೇ ಹೇಳುತ್ತೀಯೇನೋ ಅಂತ ಕಾಯುತ್ತಿದ್ದೆ. ನಿನ್ನ ಅಧ್ಯಾಯದಲ್ಲಿ ಹೇಳಿದೆ, ನೋಡು: "ನನ್ನ ಗೆಳತಿಯೊಬ್ಬಳು ಸುಲಭದ ದಾರಿ ಹಿಡಿದಳು." ಆ ವಾಕ್ಯದ ಅಕ್ಷರಗಳನ್ನು ನನ್ನ ಕೈಯಾರೆ ಜೋಡಿಸಿದ್ದೇನೆ. ತಪ್ಪಿಲ್ಲದೆ.

ಕುಕುವಾ


ಅಕ್ರಾ, 4 ಜುಲೈ 2014

ಗೆಳತಿಗೆ ಬರೆದ ಖಾಸಗಿ ಕಾಗದವನ್ನು ನಿನ್ನೆ ಪರಿಚಯವಾದವಳ ಕೈಗೆ ಕೊಡುವವಳಿಗೆ ಏನನ್ನಬೇಕೋ ಆ ಪದ ನನ್ನ ಬಾಯಲ್ಲಿ ಬರುವಂಥದ್ದಲ್ಲ. ಮಾರ್ಕೆಟ್ ಸರ್ಕಲ್‌ನಲ್ಲಿ ಮೀನು ಮಾರುವವರನ್ನು ಕೇಳು, ಹೇಳಿಯಾರು. ಇಪ್ಪತ್ತೆರಡು ವರ್ಷ ಆ ನಡಾವಳಿಯನ್ನು ಹಾಸಿಗೆಯಡಿ ಇಟ್ಟುಕೊಂಡು ಕ್ರಿಸ್‌ಮಸ್ಸಿಗೆ ನನಗೆ ಶುಭಾಶಯ ಕಳಿಸುತ್ತಿದ್ದೆಯಲ್ಲ, ನಿನ್ನ ಹೊಟ್ಟೆಯಲ್ಲಿರುವ ವಿಷಕ್ಕೆ ಲಾಂಪ್ಟಿ ಏನೇನೂ ಅಲ್ಲ. ಪುಸ್ತಕದ ಕೆಲಸ ನಿಲ್ಲಿಸು. ಇನ್ನು ಬರೆಯಬೇಡ.

ಪ್ರೊ. ಅರಬಾ ಬೆಂಟ್ಸಿಲ್


ಅಕ್ರಾ, 25 ಆಗಸ್ಟ್ 2014

ಕುಕುವಾ,

ಬರೆಯಬೇಡ ಅಂದವಳು ನಾನೇ ಬರೆಯುತ್ತಿದ್ದೇನೆ. ಕ್ಷಮೆ ಕೇಳಲು ಅಂದುಕೊಳ್ಳಬೇಡ. ಏನಾಯಿತು ಅಂತ ಬೇರೆಯವರ ಬಾಯಿಂದ ನೀನು ಕೇಳುವುದು ನನಗೆ ಇಷ್ಟವಿಲ್ಲ.

ವಿಚಾರಣೆ ಕಳೆದ ಮಂಗಳವಾರ ಇತ್ತು. ಹಿಂದಿನ ದಿನ ಸಂಜೆ ಲಾಂಪ್ಟಿ ನನ್ನ ಕೋಣೆಗೆ ಬಂದ, ಬಾಗಿಲು ಹಾಕಿಕೊಂಡ. ಜೀವನದಲ್ಲಿ ಮೊದಲ ಸಲ ನನ್ನೆದುರು ಅಪ್ಪಣೆ ಕೇಳದೆ ಕೂತ.

"ಪ್ರೊಫ್, ಕಾಗದ ಟೈಪ್ ಮಾಡಿದ್ದು, ಕೆಳಗೆ ಒಂದೇ ಒಂದು ಅಕ್ಷರ. ನನ್ನದಲ್ಲ ಅಂದ್ಬಿಡಿ. ಆ ಟಕೊರಾಡಿಯವಳಿಗೆ ಬಡ್ತಿ ಸಿಗದ ಹಳೇ ಹೊಟ್ಟೆಕಿಚ್ಚು, ತಾನೇ ಬರೆದು ಹಾಕಿದಾಳೆ ಅಂತ ನಾನು ಹೇಳ್ತೀನಿ. ಮಂಡಳಿಯೋರೂ ಅದನ್ನೇ ಕಾಯ್ತಿದಾರೆ. ಎರಡು ಹೆಂಗಸರ ಜಗಳ ಅಂತ ಮುಗಿದುಹೋಗುತ್ತೆ."

"ನಿನಗೇನು ಲಾಭ ಲಾಂಪ್ಟಿ?" ಅಂದೆ.

"ಏನಿಲ್ಲ ಪ್ರೊಫ್. ಅಕ್ಟೋಬರಲ್ಲಿ ಡೀನ್ ಹುದ್ದೆಗೆ ನನ್ನ ಹೆಸರು ನೀವು ಸೂಚಿಸಿದ್ರೆ ಸಾಕು." ಆಮೇಲೆ ನನ್ನ ಮೇಜಿನ ಮೇಲಿದ್ದ ನೆಲಗಡಲೆಯಲ್ಲಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಹೋದ.

ನಾನು ನಿನ್ನನ್ನು ಸುಳ್ಳಿ ಅನ್ನಲು ಸಿದ್ಧಳಾಗಿಯೇ ಹೋಗಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಒಳಗೆ ಹೋದರೆ ಉದ್ದ ಮೇಜು, ಐದು ಜನ ಗಂಡಸರು, ಅವರಿಗೆಲ್ಲ ತಣ್ಣಗಿನ ನೀರು, ಬಿಸ್ಕತ್ತು. ಎನಾಮ್‌ಗೆ ಗೋಡೆಯ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ. ಅವಳ ಕಾಲು ಬಾತು ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿದ್ದಳು. ಒಬ್ಬ ಕೇಳಿದ, "ನೀವು ಯಾವಾಗ ಈ... ಸ್ಥಿತಿಗೆ ಬಂದ್ರಿ?" ಅಂತ. ಉಳಿದವರು ಕಾಗದ ನೋಡುವವರ ಹಾಗೆ ಮಾಡಿ ನಕ್ಕರು. ಅವಳು, "ನವೆಂಬರ್ ಕೊನೆಯಲ್ಲಿ, ಸರ್. ತಾರೀಖು ಬೇಕಾದ್ರೆ ಗಂಡನ್ನ ಕೇಳಿ ಹೇಳ್ತೀನಿ" ಅಂದಳು. ನಗು ನಿಂತಿತು.

ಆಮೇಲೆ ಅಧ್ಯಕ್ಷರು ನನ್ನ ಕಡೆ ತಿರುಗಿ, "ಪ್ರೊಫೆಸರ್ ಬೆಂಟ್ಸಿಲ್, ಈ ಕಾಗದ ನಿಮ್ಮದಾ?" ಅಂದರು. ಮೇಜಿನ ಆಚೆ ಲಾಂಪ್ಟಿ ನನಗೆ ಕಾಣುವ ಹಾಗೆ, ಅಲ್ಲ ಎಂಬಂತೆ, ಮೆಲ್ಲಗೆ ತಲೆಯಾಡಿಸಿದ, ಸ್ಕೂಲ್ ಮಕ್ಕಳಿಗೆ ಉತ್ತರ ಹೇಳಿಕೊಡುವ ಹಾಗೆ. ಆ ತಲೆಯಾಡಿಸುವಿಕೆ ನೋಡಿ ನನಗೆ ಎಂಥ ಅಸಹ್ಯವಾಯಿತು ಅಂದರೆ, ಇವನಿಂದ ಬಚಾವಾಗಿ ನಾನು ಉಳಿದ ಆಯುಷ್ಯ ಹೇಗೆ ಕಳೆಯಲಿ ಅನ್ನಿಸಿತು.

"ನನ್ನದೇ" ಅಂದೆ. "ನಾಲ್ಕನೇ ಸಾಲಲ್ಲಿ ಒಂದು ಅಕ್ಷರ ತಪ್ಪಿದೆ. ಅದೂ ನನ್ನದೇ."

ಎನಾಮ್ ನೌಕರಿ ಕಾಯಂ ಆಯಿತು. ನನ್ನನ್ನು ಅಕ್ಟೋಬರಿನವರೆಗೆ ರಜೆಯ ಮೇಲೆ ಕಳಿಸಿದ್ದಾರೆ. ಸನ್ಮಾನ ರದ್ದು. ಮಹಿಳಾ ನಾಯಕತ್ವ ಕೇಂದ್ರದಿಂದ ನನ್ನ ಹೆಸರು ತೆಗೆದಿದ್ದಾರೆ, ಅದಕ್ಕೆ ನಿರ್ದೇಶಕ ಯಾರು ಗೊತ್ತೇ? ಲಾಂಪ್ಟಿ. ನಿನ್ನೆ ಪೇಪರಿನಲ್ಲಿ ಹೇಳಿಕೆ ಕೊಟ್ಟಿದ್ದಾನೆ, ಹೆಂಗಸರು ಒಬ್ಬರಿಗೊಬ್ಬರು ಆಸರೆಯಾಗಬೇಕಂತೆ. ನೀನು ಗೆದ್ದೆ ಕುಕುವಾ. ಏನು ಗೆದ್ದೆ ಅಂತ ನೋಡಿಕೋ.

ಅಚ್ಚಾದ ಬಟ್ಟೆಯ ಕಟ್ಟುಗಳು ಉಗ್ರಾಣದಲ್ಲಿದ್ದವು. ಕಸ ಗುಡಿಸುವ ಹೆಂಗಸರು ಹಂಚಿಕೊಂಡು ಸೊಂಟಕ್ಕೆ ಸುತ್ತಿಕೊಂಡಿದ್ದಾರೆ. ನನ್ನ ಮುಖದ ಮೇಲೆ ಕೈ ಒರೆಸಿಕೊಂಡು, "ಹೋಗಿ ಬನ್ನಿ ಪ್ರೊಫ್" ಅಂದರು. ಆ ಸ್ಕೂಲಿನಲ್ಲಿ ನನ್ನನ್ನು ಬೀಳ್ಕೊಟ್ಟವರು ಅವರಷ್ಟೇ.

ಅರಬಾ


ಟಕೊರಾಡಿ, 16 ಸೆಪ್ಟೆಂಬರ್ 2014

ಅರಬಾ,

ನಿಜ ಹೇಳಿದ್ದಕ್ಕೆ ಹೊಗಳಿಕೆ ಬರುತ್ತದೆ ಅಂತ ಕಾಯುತ್ತಿದ್ದರೆ ಕಾಯಬೇಡ. ಲಾಂಪ್ಟಿಯ ಮೇಲಿನ ತಿರಸ್ಕಾರಕ್ಕೆ ಹೇಳಿದೆ, ನೀನೇ ಬರೆದಿದ್ದೀಯ. ಆ ಹುಡುಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತದ್ದು ಕಂಡು ಹೇಳಿದ್ದರೆ ಮಾತು ಬೇರೆ. ನೀನು ಅವಳ ಚಪ್ಪಲಿಯವರೆಗೂ ಎಲ್ಲ ನೋಡಿದ್ದೀಯ, ನೋಡಿ ಏನನ್ನಿಸಿತು ಅಂತ ಮಾತ್ರ ಒಂದು ಪದವೂ ಇಲ್ಲ.

ನಾನು ಏನು ಗೆದ್ದೆ ಅಂತ ಕೇಳಿದೆಯಲ್ಲ. ಕೇಂದ್ರಕ್ಕೆ ಲಾಂಪ್ಟಿ ಬಂದರೂ ಅಷ್ಟೆ, ಅವನಪ್ಪ ಬಂದರೂ ಅಷ್ಟೆ. ಎನಾಮ್‌ಗೆ ಈ ತಿಂಗಳು ಸಂಬಳದ ರಜೆ ಸಿಕ್ಕಿದೆ. ನಾನು ಹೊರಗೆ ಹಾಕಿದ ಮಾತನ್ನು ನಾನೇ ಅಷ್ಟಾದರೂ ಸರಿಮಾಡಬೇಕಿತ್ತು.

ಅವಳಿಗೆ ಹೆಣ್ಣು ಮಗು. ಎಂಟನೇ ದಿನ ಬೆಳಿಗ್ಗೆ ಮಗುವನ್ನು ಹೊರತಂದು ಹೆಸರಿಟ್ಟರು. ನನ್ನನ್ನು ಕರೆದಿದ್ದರು, ಹೋಗಿದ್ದೆ. ತಮಾಲೆಯ ಗಂಡ ತೆಳ್ಳಗೆ ಉದ್ದಕ್ಕಿದ್ದಾನೆ, ಬಂದವರಿಗೆಲ್ಲ ತಾನೇ ಗಂಜಿ ಬಡಿಸಿದ. ಅಲ್ಲಿ ಯಾರೂ ನಿನ್ನ ಹೆಸರು ಎತ್ತಲಿಲ್ಲ. ಬೈಯಲಿಕ್ಕೂ ಎತ್ತಲಿಲ್ಲ.

ಅಚ್ಚಾದ ಹಾಳೆಗಳನ್ನು ಏನು ಮಾಡಲಿ? ಸುಮ್ಮನೆ ಜಾಗ ತಿನ್ನುತ್ತಿವೆ. ನೀನು ಅವಳ ಮನೆಗೆ ಹೋಗಿ ಬಾ. ನನಗೆ ಕಾಗದ ಬರೆಯುವುದಕ್ಕಿಂತ ಮೊದಲು ನೀನು ಅಲ್ಲಿಗೆ ಹೋಗಬೇಕಿತ್ತು.

ಕುಕುವಾ


ಅಕ್ರಾ, 2 ನವೆಂಬರ್ 2014

ಕುಕುವಾ,

ಹಾಳೆಗಳನ್ನು ಹಣ್ಣಿನ ಅಂಗಡಿಯವರಿಗೆ ಪೊಟ್ಟಣ ಕಟ್ಟಲು ಕೊಟ್ಟುಬಿಡು.

ಆರು ವಾರ ತಡಮಾಡಿ ನಿನ್ನೆ ಎನಾಮ್ ಮನೆಗೆ ಹೋದೆ. ಮಡೀನಾ ಮಾರ್ಕೆಟ್ಟಿನ ಹಿಂದೆ, ಒಂದು ವಠಾರದ ಎರಡು ಕೋಣೆ. ಡ್ರೈವರ್ ಇಲ್ಲ ಈಗ; ಟ್ರೊಟ್ರೊ ಹತ್ತಿ ಹೋದೆ. ಪಕ್ಕದಲ್ಲಿ ಕೂತವಳ ಬುಟ್ಟಿಯ ಏಡಿ ನನ್ನ ಜರಿ ಅಂಚಿನ ಬಟ್ಟೆಯನ್ನು ಹಿಡಿದುಕೊಂಡಿತು. ಬಸ್ಸೆಲ್ಲ ನಕ್ಕಿತು. ನನ್ನ ಗುರುತು ಯಾರಿಗೂ ಸಿಗಲಿಲ್ಲ.

ಎನಾಮ್ ಬಾಗಿಲು ತೆಗೆದಳು. ಆಶ್ಚರ್ಯವೂ ಪಡಲಿಲ್ಲ. ಕುರ್ಚಿ ಒರೆಸಿ ಕೂರಿಸಿದಳು, ನೀರು ತಂದು ಕೊಟ್ಟಳು, ನಾನು ಕುಡಿಯುವವರೆಗೆ ಕಾದು, "ಎಲ್ಲಾ ಕ್ಷೇಮ ತಾನೇ? ಏನು ಬಂದಿದ್ದು ಪ್ರೊಫ್?" ಅಂತ ಪದ್ಧತಿ ಪ್ರಕಾರ ಕೇಳಿದಳು. ಯಾವ ಅತಿಥಿಗಾದರೂ ಕೇಳುವಂತೆ. ಮಗು ಚಾಪೆಯ ಮೇಲೆ ಮಲಗಿತ್ತು. ಎತ್ತಿಕೊಳ್ಳಲೇ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ನಾನು ಹೇಳಲು ಸಿದ್ಧಮಾಡಿಕೊಂಡು ಹೋಗಿದ್ದೆ. ಸಂಸ್ಥೆ, ಒತ್ತಡ, ನಮ್ಮ ತಲೆಮಾರು, ಅದು ಇದು. ಎರಡು ವಾಕ್ಯ ಆಗುವಷ್ಟರಲ್ಲಿ ನನಗೇ ನಾಚಿಕೆಯಾಯಿತು. "ನಿನಗೆ ಅನ್ಯಾಯ ಮಾಡಿದೆ. ಗೊತ್ತಿದ್ದೂ ಮಾಡಿದೆ" ಅಂದೆ. ಇದನ್ನು ಹೇಳಲು ನನಗೆ ಅರವತ್ತು ವರ್ಷ ಬೇಕಾಯಿತು, ಬೇಕಾದರೆ ನಗು.

ಅವಳು, "ಪರವಾಗಿಲ್ಲ ಪ್ರೊಫ್" ಅಂದಳು.

"ಬೈಯಮ್ಮಾ. ಅದಕ್ಕೇ ಬಂದಿದೀನಿ."

"ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ" ಅಂದಳು. "ನಿಜವಾಗ್ಲೂ ಇಲ್ಲ. ಮೊದಲು ನಿಮ್ಮ ಹಾಗೆ ಆಗ್ಬೇಕು ಅಂತಿತ್ತು. ಈಗ ಆ ಆಸೆ ಇಲ್ಲ, ಅಷ್ಟೇ ವ್ಯತ್ಯಾಸ." ಮಗು ಅತ್ತಿತು, ಎತ್ತಿಕೊಂಡು ಎದೆಗಿಟ್ಟಳು. "ಮಳೆ ಬರೋ ಹಾಗಿದೆ. ನಿಮ್ಮನ್ನ ಸ್ಟಾಪ್‌ವರೆಗೂ ಬಿಡ್ತೀನಿ" ಅಂದಳು. ಬಿಟ್ಟಳು ಕೂಡ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು. ದಾರಿಯಲ್ಲಿ ಟೊಮೆಟೊ ಬೆಲೆ ಮಾತಾಡಿದೆವು.

ತಿರಸ್ಕಾರ ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ. ಜೀವಮಾನವೆಲ್ಲ ಎರಡೂ ಕೈಯಲ್ಲಿ ಹಂಚಿದವಳು. ಅದನ್ನು ಇಷ್ಟು ಸೌಮ್ಯವಾಗಿ, ನೀರು ಕೊಟ್ಟು, ಬಸ್ಸು ಹತ್ತಿಸಿ ಕೊಡಬಹುದು ಅಂತ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಕೂತಾಗಿನಿಂದ ಒಂದೇ ಪ್ರಶ್ನೆ ತಲೆಯಲ್ಲಿ. ನಡಾವಳಿ ಓದಿದ ದಿನದಿಂದ ನೀನೂ ನನ್ನನ್ನು ಹೀಗೇ ನೋಡುತ್ತಿದ್ದೆಯಾ? ಇಷ್ಟು ವರ್ಷ ಕಾಗದ ಬರೆದದ್ದು, ಅವಳು ನನಗೆ ನೀರು ಕೊಟ್ಟ ಹಾಗೇನಾ?

ಅರಬಾ


ಟಕೊರಾಡಿ, 10 ನವೆಂಬರ್ 2014

ಅರಬಾ,

ಅಲ್ಲ. ಎನಾಮ್‌ಗೆ ನೀನು ಎರಡು ವರ್ಷದ ಮೇಲಧಿಕಾರಿ, ಮರೆತರೆ ಮರೆತಳು. ನನಗೆ ಸಿಟ್ಟು ಬಂದಿತ್ತು. ಇಪ್ಪತ್ತೆರಡು ವರ್ಷ ಆ ಸಿಟ್ಟಿಟ್ಟುಕೊಂಡೇ ಬರೆದೆ. ನೀನು ಯಾರೋ ಆಗಿದ್ದರೆ ಅಂಚೆ ಚೀಟಿ ದಂಡ ಮಾಡುತ್ತಿರಲಿಲ್ಲ.

ಸಿಟ್ಟು ಇನ್ನೂ ಇಳಿದಿಲ್ಲ. ಭಾನುವಾರ ಬಸ್ಸು ಹತ್ತು. ಶುಕ್ರವಾರ, ಶನಿವಾರ ಬೇಡ, ಹೆಣದ ಪೋಸ್ಟರುಗಳ ಗಲಾಟೆ. ಬಂದರೆ ಕೂತು ಬಾಯಿ ತುಂಬ ಬೈಯುತ್ತೇನೆ, ಊಟ ಮಾಡಿ ಹೋಗು. ಭಾಷಣ ತರಬೇಡ.

ಕುಕುವಾ